ಒಂಬತ್ತು ಅಂದರೆ ಎಷ್ಟು ಎಚ್ಚರ?

ಅಣ್ಣ ಮಲಗಿದ್ದ ಐಸಿಯು ಬಾಗಿಲಲ್ಲಿ ನಿಂತು ನಾನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಅವನಿಗೆ ಎಷ್ಟು ಎಚ್ಚರ ಇದೆ ಅಂತ ಅಳೆಯುವ ಅಂಕದ್ದು. "ಇವತ್ತು ಜಿಸಿಎಸ್ ಎಷ್ಟು ಸಾರ್?" ಡ್ಯೂಟಿ ಡಾಕ್ಟರು ಫೈಲ್ ನೋಡಿ "ಆರು" ಅನ್ನುತ್ತಿದ್ದರು. ಇನ್ನೊಂದು ದಿನ "ಏಳು". ಆ ಏಳನ್ನು ಹಿಡಿದುಕೊಂಡು ಹೊರಗೆ ಬಂದು ಅತ್ತಿಗೆಗೆ, ಊರಿನಿಂದ ಫೋನ್ ಮಾಡಿದವರಿಗೆ, ಎಲ್ಲರಿಗೂ ಹೇಳುತ್ತಿದ್ದೆ. ಅವರಿಗೆ ನಂಬರ್ ಬೇಕಿರಲಿಲ್ಲ. "ಜ್ಞಾನ ಬಂತೋ ಇಲ್ವೋ, ಅಷ್ಟು ಹೇಳಪ್ಪ" ಅನ್ನುತ್ತಿದ್ದರು.

ಅಣ್ಣ ಚಿತ್ರದುರ್ಗದಿಂದ ಬೈಕಿನಲ್ಲಿ ವಾಪಸ್ ಬರುವಾಗ ಭರಮಸಾಗರ ದಾಟಿದ ಮೇಲೆ ಹೈವೇಯಲ್ಲಿ ಬಿದ್ದಿದ್ದ. ಹೆಲ್ಮೆಟ್ ಇತ್ತು, ಬಕಲ್ ಹಾಕಿರಲಿಲ್ಲ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿ ಮೆದುಳನ್ನು ಒತ್ತುತ್ತಿತ್ತು. ದಾವಣಗೆರೆಯ ಆಸ್ಪತ್ರೆಯಲ್ಲಿ ಅದೇ ರಾತ್ರಿ ತಲೆಬುರುಡೆಯ ಒಂದು ಭಾಗ ತೆಗೆದು ಆಪರೇಷನ್ ಮಾಡಿದರು. ಆಮೇಲೆ ವೆಂಟಿಲೇಟರ್. ಇಷ್ಟು ಕಥೆ ಈ ಹೈವೇ ಪಕ್ಕದ ಎಷ್ಟೋ ಮನೆಗಳದ್ದು. ಅದನ್ನು ಬೆಳೆಸುವುದಿಲ್ಲ. ನಾನು ಹೇಳಬೇಕಿರುವುದು ಅದರ ನಂತರದ್ದು. ಒಬ್ಬ ಮನುಷ್ಯನಿಗೆ ಎಚ್ಚರ ಹೇಗೆ ಬರುತ್ತದೆ ಅನ್ನುವುದನ್ನು ತಿಂಗಳುಗಟ್ಟಲೆ ಪಕ್ಕದಲ್ಲೇ ಕೂತು ನೋಡಿದ್ದು.

ನಾನು ಮಂಡಿಪೇಟೆಯ ವರ್ತಕರಿಗೆ ಜಿಎಸ್‌ಟಿ ಲೆಕ್ಕ ಬರೆದುಕೊಡುವವನು. ಮೊತ್ತ ಅಂತ ಒಂದು ಕಂಡರೆ ಅದು ಎಲ್ಲಿಂದ ಬಂತು ಅಂತ ನೋಡದೆ ಬಿಡುವುದಿಲ್ಲ. ಹಾಗಾಗಿ ಆಸ್ಪತ್ರೆ ವರಾಂಡದಲ್ಲಿ ಸೊಳ್ಳೆ ಹೊಡೆಯುತ್ತಾ ಮೊಬೈಲಿನಲ್ಲಿ ಈ ಜಿಸಿಎಸ್ ಹುಡುಕಿದೆ. ಗ್ಲಾಸ್ಗೋ ಕೋಮಾ ಸ್ಕೇಲ್. ಗ್ಲಾಸ್ಗೋದ ಇಬ್ಬರು ನರರೋಗ ಸರ್ಜನ್‌ಗಳು, ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್, 1974ರಲ್ಲಿ ಮಾಡಿದ್ದು. ಅದಕ್ಕೆ ಮೊದಲು ಒಬ್ಬೊಬ್ಬ ಡಾಕ್ಟರು ಒಂದೊಂದು ಮಾತು ಬರೆಯುತ್ತಿದ್ದರು. ಮಂಪರು, ಅರೆಪ್ರಜ್ಞೆ, ಆಳವಾದ ಕೋಮಾ, ಹೀಗೆ. ಒಬ್ಬರ ಮಂಪರು ಇನ್ನೊಬ್ಬರ ಅರೆಪ್ರಜ್ಞೆ ಆಗುತ್ತಿತ್ತು. ಶಿಫ್ಟ್ ಬದಲಾದಾಗ ರೋಗಿ ಸುಧಾರಿಸಿದನೋ ಇಳಿದನೋ ಗೊತ್ತಾಗುತ್ತಿರಲಿಲ್ಲ.

ಅವರು ಮೂರು ವಿಷಯ ಮಾತ್ರ ನೋಡಿ ಅಂದರು. ಕಣ್ಣು ಬಿಡುತ್ತಾನಾ? ಇದಕ್ಕೆ 1ರಿಂದ 4. ಮಾತಾಡುತ್ತಾನಾ? 1ರಿಂದ 5. ಕೈಕಾಲು ಹೇಗೆ ಆಡಿಸುತ್ತಾನೆ? 1ರಿಂದ 6. ಎಲ್ಲ ಕೂಡಿಸಿದರೆ ಜಾಸ್ತಿ ಅಂದರೆ 15, ಕಡಿಮೆ ಅಂದರೆ 3. ಸೊನ್ನೆ ಇಲ್ಲವೇ ಇಲ್ಲ. ಎದುರಿನ ಗೋಡೆಯನ್ನು ಪರೀಕ್ಷೆ ಮಾಡಿದರೂ 3 ಬರುತ್ತದೆ! 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತಲೆಪೆಟ್ಟು ತೀವ್ರ ಅಂತ ಲೆಕ್ಕ.

ಲೆಕ್ಕದವನ ಚಾಳಿ, ಗುಣಿಸಿ ನೋಡಿದೆ. ನಾಲ್ಕು, ಐದು, ಆರು. ಒಟ್ಟು 120 ಬಗೆಯ ಜೋಡಣೆ ಸಾಧ್ಯ. ಮೊತ್ತ ಮಾತ್ರ 3ರಿಂದ 15ರ ತನಕ, ಹದಿಮೂರೇ. ಅಂದರೆ ಒಂದೇ ಮೊತ್ತದೊಳಗೆ ಬೇರೆಬೇರೆ ಸ್ಥಿತಿಯ ಜನ ಇರುತ್ತಾರೆ. 9ನ್ನೇ ತೆಗೆದುಕೊಳ್ಳಿ. ಒಬ್ಬ ತಾನಾಗಿ ಕಣ್ಣು ಬಿಟ್ಟುಕೊಂಡಿದ್ದಾನೆ, ಆದರೆ ಬಾಯಿಂದ ಸದ್ದಿಲ್ಲ, ಚಿವುಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ ಅಷ್ಟೇ. 4, 1, 4. ಇನ್ನೊಬ್ಬ ನೋವು ಮಾಡಿದರೆ ಮಾತ್ರ ಕಣ್ಣು ತೆರೆಯುತ್ತಾನೆ, ಸದ್ದಿಲ್ಲ, ಆದರೆ "ಎರಡು ಬೆರಳು ಎತ್ತು" ಅಂದರೆ ಎತ್ತುತ್ತಾನೆ. 2, 1, 6. ಅವನದೂ ಒಂಬತ್ತು. ಎರಡನೆಯವನಿಗೆ ಮಾತು ಅರ್ಥ ಆಗುತ್ತಿದೆ. ಮೊದಲನೆಯವನಿಗೆ ಏನಾದರೂ ತಿಳಿಯುತ್ತಿದೆ ಅನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಅಕ್ಕಿಯ ಕೆಜಿ, ಬಟ್ಟೆಯ ಮೀಟರು, ಎಣ್ಣೆಯ ಲೀಟರು ಒಂದೇ ಕಾಲಮ್ಮಿನಲ್ಲಿ ಕೂಡಿಸಿದ ಹಾಗೆ. ಮೊತ್ತ ಬರುತ್ತದೆ. ಅಂಗಡಿಯಲ್ಲಿ ಏನಿದೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಟೀಸ್‌ಡೇಲ್ ಮತ್ತು ಅವರ ಜೊತೆಗಾರರು 2014ರಲ್ಲಿ ಇದನ್ನೇ ಬರೆದಿದ್ದಾರೆ. ಒಬ್ಬ ರೋಗಿಯ ವಿಷಯ ಹೇಳುವಾಗ ಮೂರನ್ನೂ ಬಿಡಿಬಿಡಿಯಾಗಿ ಹೇಳಿ, ಮೊತ್ತ ಇರುವುದು ಗುಂಪುಗಳನ್ನು ಹೋಲಿಸುವುದಕ್ಕೆ ಅಂತ. ಆಮೇಲಿಂದ ನಾನು "ಎಷ್ಟು" ಅಂತ ಕೇಳುವುದು ಬಿಟ್ಟೆ. "ಇ ಎಷ್ಟು, ವಿ ಎಷ್ಟು, ಎಂ ಎಷ್ಟು" ಅಂತ ಕೇಳತೊಡಗಿದೆ. ಇ ಅಂದರೆ ಕಣ್ಣು, ವಿ ಅಂದರೆ ಮಾತು, ಎಂ ಅಂದರೆ ಕೈಕಾಲು. ಗಂಟಲಲ್ಲಿ ಪೈಪ್ ಇದ್ದದ್ದರಿಂದ ಮಾತಿನ ಜಾಗದಲ್ಲಿ 'ಟಿ' ಅಂತ ಬರೆದಿರುತ್ತಿತ್ತು. ಅಂದರೆ ಪರೀಕ್ಷೆ ಮಾಡಲು ಆಗಿಲ್ಲ. ಜೊತೆಗೆ ನಿದ್ದೆಯ ಔಷಧಿ ಬೇರೆ ಹರಿಯುತ್ತಿತ್ತು. ಆ ದಿನಗಳ ಆರು, ಏಳರಲ್ಲಿ ಅಣ್ಣನದೆಷ್ಟು, ಔಷಧಿಯದೆಷ್ಟು ಅಂತ ಯಾರು ಬಿಡಿಸಿ ಹೇಳಬೇಕು?

ಆಮೇಲೆ ಅಣ್ಣ ಕಣ್ಣು ಬಿಟ್ಟ.

ಮನೆಯಲ್ಲಿ ಹಬ್ಬ. ಅತ್ತಿಗೆ ದುಗ್ಗಮ್ಮನ ಗುಡಿಗೆ ಹೋಗಿ ಬಂದರು. ಯಾರೋ ವಾರ್ಡಿಗೆಲ್ಲ ಪೇಡ ಹಂಚಿದರು. ಆದರೆ ಡಾಕ್ಟರ ಮುಖದಲ್ಲಿ ಆ ಖುಷಿ ಇರಲಿಲ್ಲ. ಅಣ್ಣನ ಕಣ್ಣು ತೆರೆದಿತ್ತು, ಆದರೆ ಯಾವುದರ ಮೇಲೂ ನಿಲ್ಲುತ್ತಿರಲಿಲ್ಲ. ನಮ್ಮನ್ನು ದಾಟಿ ಎಲ್ಲೋ ನೋಡುತ್ತಿತ್ತು. ರಾತ್ರಿ ಮುಚ್ಚುತ್ತಿತ್ತು, ಬೆಳಿಗ್ಗೆ ತೆರೆಯುತ್ತಿತ್ತು. ಡಾಕ್ಟರು ಒಂದು ಕಾಗದದ ಮೇಲೆ ಮೆದುಳಿನ ಚಿತ್ರ ಗೀಚಿ ತೋರಿಸಿದರು. ಕೆಳಗಿನ ಕಾಂಡದ ಭಾಗ ಎಬ್ಬಿಸುವ ಕೆಲಸ ಮಾಡುತ್ತದೆ. ಎದ್ದ ಮೇಲೆ ತಾನು, ತನ್ನ ಸುತ್ತ ಅಂತ ಅರಿಯುವುದಕ್ಕೆ ಮೇಲಿನ ಪದರ, ಮೆದುಳಿನ ಮಧ್ಯದಲ್ಲಿರುವ ಥಾಲಮಸ್ ಅನ್ನುವ ಭಾಗ, ಎರಡರ ನಡುವಿನ ತಂತುಗಳು ಬೇಕು. ಕೆಳಗಿನದು ಶುರುವಾಗಿದೆ, ಮೇಲಿನದರ ಬಗ್ಗೆ ಈಗಲೇ ಹೇಳಲು ಆಗಲ್ಲ ಅಂದರು.

ನನಗೆ ತಲೆ ತಿರುಗಿದ್ದು ಇಲ್ಲಿ. ಅಲ್ಲಿಯ ತನಕ ಎಚ್ಚರ ಇರುವುದು ಮತ್ತು ಅರಿವು ಇರುವುದು ಒಂದೇ ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ದಿನನಿತ್ಯದ ಬದುಕಿನಲ್ಲಿ ಎರಡೂ ಒಟ್ಟಿಗೇ ಬರುತ್ತವೆ, ಒಟ್ಟಿಗೇ ಹೋಗುತ್ತವೆ. ಇಲ್ಲಿ ನನ್ನ ಕಣ್ಣೆದುರೇ ಒಂದು ಬಂದು ಇನ್ನೊಂದು ಬಂದಿರಲಿಲ್ಲ. ಕನಸಿನಲ್ಲಿ ಉಲ್ಟಾ ಆಗುತ್ತದೆ. ಅಲ್ಲಿ ಎಚ್ಚರ ಇಲ್ಲ, ಅನುಭವ ಮಾತ್ರ ಜೋರಾಗಿ ನಡೆಯುತ್ತಿರುತ್ತದೆ. ಒಂದೇ ಏಣಿ ಅಂತ ಇಟ್ಟುಕೊಂಡರೆ ಕನಸನ್ನು ಯಾವ ಮೆಟ್ಟಿಲ ಮೇಲೆ ಇಡುತ್ತೀರಿ?

ಕಣ್ಣು ತೆರೆದಿದೆ, ಅರಿವಿನ ಗುರುತಿಲ್ಲ ಅನ್ನುವ ಈ ಸ್ಥಿತಿಗೆ ಹೆಸರಿಟ್ಟವರಲ್ಲೂ ಅದೇ ಜೆನೆಟ್ ಇದ್ದಾರೆ. 1972ರಲ್ಲಿ ಅಮೆರಿಕದ ನರರೋಗ ತಜ್ಞ ಫ್ರೆಡ್ ಪ್ಲಮ್ ಜೊತೆ ಸೇರಿ 'ವೆಜಿಟೇಟಿವ್ ಸ್ಟೇಟ್' ಅಂದರು. ಆ ಪದ ಕೇಳಿ ಅತ್ತಿಗೆ ಕಿಡಿಕಿಡಿಯಾದರು. "ತರಕಾರಿ ಅಂತೀರಾ ನನ್ನ ಗಂಡನ್ನ?" ಪಾಪ, ಡ್ಯೂಟಿ ಡಾಕ್ಟರು ಚಿಕ್ಕ ಹುಡುಗ, ಏನು ಹೇಳಬೇಕೋ ತೋಚಲಿಲ್ಲ.

ಅತ್ತಿಗೆಯ ವಾದ ಸರಳ. "ನಾನು ಕೈ ಕೊಟ್ಟರೆ ಹಿಡಕಂತಾನೆ. ಬಿಡಂಗಿಲ್ಲ. ನಂಗೊತ್ತು." ಡಾಕ್ಟರು ಹೇಳಿದ್ದು: ಅಂಗೈಗೆ ಏನು ತಾಗಿದರೂ ಬೆರಳು ಮಡಚುವುದು ಹಸುಗೂಸಿನಲ್ಲೂ ಇರುವ ಪ್ರತಿಕ್ರಿಯೆ, ಅದಕ್ಕೆ ಅರಿವು ಬೇಕಿಲ್ಲ. ಇಬ್ಬರೂ ನೋಡುತ್ತಿದ್ದದ್ದು ಅದೇ ಕೈ. ನನಗೆ ಆಗ ಅರುಣಾ ಶಾನುಭಾಗ್ ನೆನಪಾದರು. ನಮ್ಮ ಉತ್ತರ ಕನ್ನಡದ ಹಳದೀಪುರದವರು, ಮುಂಬೈ ಕೆಇಎಂ ಆಸ್ಪತ್ರೆಯ ನರ್ಸ್. 1973ರಲ್ಲಿ ನಡೆದ ದಾಳಿಯ ನಂತರ 2015ರಲ್ಲಿ ತೀರಿಕೊಳ್ಳುವ ತನಕ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್ ಕಳಿಸಿದ ಡಾಕ್ಟರುಗಳು ಅವರದು ಬಹುಮಟ್ಟಿಗೆ ವೆಜಿಟೇಟಿವ್ ಸ್ಥಿತಿ ಅಂದರು. ಅವರನ್ನು ದಿನಾ ನೋಡಿಕೊಳ್ಳುತ್ತಿದ್ದ ಆಸ್ಪತ್ರೆಯವರು ಇಷ್ಟದ ಮೀನು ಕೊಟ್ಟರೆ ನಗುತ್ತಾರೆ ಅಂದರು. ಅವರಿಗೆ ಆಹಾರ ನಿಲ್ಲಿಸಬೇಕು ಅನ್ನುವ ಅರ್ಜಿಯನ್ನು ಕೋರ್ಟ್ ಒಪ್ಪಲಿಲ್ಲ. ಪಕ್ಕದಲ್ಲಿ ಕೂತವರಿಗೆ ಕಾಣುವುದು ಬರೀ ಆಸೆ ಅಂತ ತಳ್ಳಿಹಾಕುವುದು ಸುಲಭ. ಆದರೆ ಹತ್ತು ನಿಮಿಷ ನೋಡಿ ಹೋಗುವವರಿಗೆ ಕಾಣದ್ದೂ ಇರುತ್ತದೆ. 2009ರ ಒಂದು ಅಧ್ಯಯನದಲ್ಲಿ, ವಾರ್ಡಿನ ಡಾಕ್ಟರುಗಳು ವೆಜಿಟೇಟಿವ್ ಅಂದಿದ್ದ ರೋಗಿಗಳನ್ನು ಸರಿಯಾದ ಅಳತೆ ಪಟ್ಟಿ ಹಿಡಿದು ಮತ್ತೆ ಪರೀಕ್ಷಿಸಿದಾಗ ಶೇಕಡಾ 41 ಜನರಲ್ಲಿ ಸಣ್ಣದಾಗಿ ಅರಿವು ಇರುವುದು ಕಂಡಿತ್ತು.

ನಮ್ಮಲ್ಲಿ ಅದನ್ನು ಮೊದಲು ಹಿಡಿದದ್ದು ಫಿಸಿಯೋಥೆರಪಿಯ ಹುಡುಗಿ. ಅವಳ ಬ್ಯಾಗಿನಲ್ಲಿ ಒಂದು ಸಾದಾ ಕನ್ನಡಿ ಇತ್ತು. ಅಣ್ಣನ ಮುಖದ ಎದುರು ಹಿಡಿದು ನಿಧಾನಕ್ಕೆ ಬಲಕ್ಕೆ ಸರಿಸಿದಳು. ಕಣ್ಣು ಜೊತೆಗೇ ಹೋಯಿತು. ಎಡಕ್ಕೆ ಸರಿಸಿದಳು. ಅರ್ಧ ದಾರಿ ಬಂದು ನಿಂತಿತು. ಮತ್ತೆ ಮಾಡಿದಳು, ಬರೆದುಕೊಂಡಳು. ಪೆನ್ನು ಹಿಡಿದರೂ, ಬೆರಳು ಹಿಡಿದರೂ ಅವನು ನೋಡಿರಲಿಲ್ಲ. ತನ್ನ ಮುಖ ಕಂಡರೆ ಮಾತ್ರ ಕಣ್ಣು ಹಿಂಬಾಲಿಸಿತು. ಎಷ್ಟೋ ರೋಗಿಗಳಲ್ಲಿ ಹೀಗೇ ಆಗುತ್ತದಂತೆ, ಅದಕ್ಕೇ ಕನ್ನಡಿ ಇಟ್ಟುಕೊಂಡಿರುತ್ತಾರೆ. ಒಮ್ಮೆ ಸಿಕ್ಕು ಒಮ್ಮೆ ಸಿಗದ ಇಂಥ ಅರಿವಿಗೆ 2002ರಿಂದ ಬೇರೆ ಹೆಸರೇ ಇದೆ, 'ಮಿನಿಮಲಿ ಕಾನ್ಶಿಯಸ್'. ಅಳತೆ ಪಟ್ಟಿಯ ಹೆಸರು ಕೋಮಾ ರಿಕವರಿ ಸ್ಕೇಲ್, ಈಗ ಬಳಸುವುದು 2004ರ ರೂಪ. ಕೇಳುವುದು, ನೋಡುವುದು, ಕೈಕಾಲು, ಬಾಯಿ, ಸಂವಹನ, ಎಚ್ಚರ ಅಂತ ಆರು ಭಾಗ. ಒಟ್ಟು 23 ಅಂಕ.

ಅಲ್ಲಿಂದ ಮುಂದೆ ಬಂದದ್ದು ಯಾವ ಏಣಿಯ ಲೆಕ್ಕಕ್ಕೂ ಸಿಗಲಿಲ್ಲ.

ಬೆಳಿಗ್ಗೆ ನಾಲಿಗೆ ತೋರಿಸು ಅಂದರೆ ತೋರಿಸುತ್ತಿದ್ದ. ಸಂಜೆ ಅದೇ ಮಾತಿಗೆ ಏನೂ ಇಲ್ಲ. ಮೂತ್ರದ ಸೋಂಕಾಗಿ ಜ್ವರ ಬಂದಾಗ ಕನ್ನಡಿಯನ್ನೂ ನೋಡಲಿಲ್ಲ, ಜ್ವರ ಇಳಿದ ಮೇಲೆ ಒಂದೇ ಸಲಕ್ಕೆ ಮುಂಚಿಗಿಂತ ಮುಂದೆ ಹೋದ. ಗಂಟಲ ಪೈಪ್ ತೆಗೆದ ಮೇಲೆ ಸದ್ದು ಬಂತು, ಆಮೇಲೆ ಬಿಡಿ ಪದ ಬಂದವು. ಅಣ್ಣ ಮಂಡಕ್ಕಿ ಭಟ್ಟಿಗಳಿಗೆ ಭತ್ತ ಕೊಡಿಸುವ ದಲ್ಲಾಳಿ. ಅತ್ತಿಗೆ ಒಂದು ದಿನ ಒಂದು ಹಿಡಿ ಭತ್ತ ತಂದು ಅಂಗೈಗೆ ಹಾಕಿದರು. ಅವನು ಬೆರಳಲ್ಲಿ ಉಜ್ಜಿದ. ಒಂದು ಕಾಳು ಬಾಯಿಗಿಟ್ಟು ಕಚ್ಚಿದ. "ಹಸಿ ಐತಿ" ಅಂದ. ನಿಜಕ್ಕೂ ಹಸಿ ಇತ್ತು! ಅದೇ ಹೊತ್ತಿಗೆ ನಾನು "ಎಲ್ಲಿದೀಯ ಅಣ್ಣ?" ಅಂತ ಕೇಳಿದರೆ "ಹರಿಹರ. ಬಸ್ಸು ಬಂದಿಲ್ಲ" ಅಂದ. ಅವ್ವ ಒಳಗೆ ರೊಟ್ಟಿ ಬಡೀತಿದಾಳೆ ಅಂದ. ಅವ್ವ ತೀರಿಕೊಂಡು ವರ್ಷಗಳಾಗಿವೆ.

ಈಗ ಹೇಳಿ, ಅವನಿಗೆ ಎಷ್ಟು ಜ್ಞಾನ ಬಂದಿತ್ತು? ಕಾಳಿನ ತೇವ ಹೇಳುವುದರಲ್ಲಿ ಅವನು ನನಗಿಂತ ಮೇಲೆ. ಇದು ಯಾವ ಊರು ಅನ್ನುವುದರಲ್ಲಿ ಮೊಮ್ಮಗುವಿಗಿಂತ ಕೆಳಗೆ. ನೋಟು ಎಣಿಸಲು ಕೊಟ್ಟರೆ ಬೆರಳಿನ ವೇಗ ಸರಿಯಾಗಿತ್ತು, ಎಣಿಸಿ ಮುಗಿಸಿದಾಗ ಎಷ್ಟು ಅಂತ ಹೇಳಲಾಗುತ್ತಿರಲಿಲ್ಲ. ಬಲಗಡೆ ಯಾರಾದರೂ ಬಂದರೆ ಗೊತ್ತಾಗುತ್ತಿತ್ತು, ಎಡಗಡೆ ನಿಂತವರು ಅವನ ಪಾಲಿಗೆ ಇರಲೇ ಇಲ್ಲ. ಒಂದು ಕಡೆ ಏರಿದರೆ ಇನ್ನೊಂದು ಕಡೆ ಅಲ್ಲೇ ಇರುತ್ತಿತ್ತು. ಟಿಮ್ ಬೇನ್, ಯಾಕೋಬ್ ಹೊವಿ, ಏಡ್ರಿಯನ್ ಓವನ್ ಅನ್ನುವ ಮೂವರು ಸಂಶೋಧಕರು 2016ರಲ್ಲಿ ಇದೇ ವಾದ ಮಾಡಿದ್ದಾರೆ. ಪ್ರಜ್ಞೆಗೆ ಮಟ್ಟ ಅಂತ ಒಂದು ಉದ್ದದ ಗೆರೆ ಎಳೆಯುವುದು ಸರಿಯಲ್ಲ, ಅದಕ್ಕೆ ಹಲವು ದಿಕ್ಕುಗಳಿವೆ ಅಂತ. ಅಣ್ಣನ ಪಕ್ಕ ಕೂತು ನೋಡಿದವರು ಯಾರೂ ಇದಕ್ಕೆ ಇಲ್ಲ ಅನ್ನಲಾರರು.

ಆದರೂ ಒಂದು ಮುಳ್ಳು ಉಳಿಯಿತು. ಇದೆಲ್ಲ ಅರಿವಿನೊಳಗೆ ಏನೇನಿದೆ ಅನ್ನುವ ಲೆಕ್ಕ. ಊರವರು ಕೇಳುತ್ತಿದ್ದದ್ದು ಬೇರೆ. ಒಳಗೆ ಯಾರಾದರೂ ಇದ್ದಾರಾ? ಥಾಮಸ್ ನೇಗೆಲ್ ಅನ್ನುವ ತತ್ವಜ್ಞಾನಿ ಅದನ್ನೇ ವ್ಯಾಖ್ಯಾನ ಮಾಡಿಬಿಟ್ಟ. ಅದೂ 1974ರಲ್ಲೇ, ಗ್ಲಾಸ್ಗೋದವರು ಅಂಕಪಟ್ಟಿ ಮಾಡಿದ ವರ್ಷವೇ. ಬಾವಲಿಯಾಗಿರುವುದು ಹೇಗಿರುತ್ತದೆ ಅಂತ ಕೇಳಿದ. ಆ ಪ್ರಾಣಿಗೆ ತನ್ನ ಪಾಲಿಗೆ 'ಹೀಗಿದೆ' ಅಂತ ಏನಾದರೂ ಇದ್ದರೆ ಅದಕ್ಕೆ ಪ್ರಜ್ಞೆ ಇದೆ, ಅಷ್ಟೇ. ಈ ವ್ಯಾಖ್ಯಾನದಲ್ಲಿ ಅರ್ಧಕ್ಕೆ ಜಾಗ ಎಲ್ಲಿದೆ? ಸಣ್ಣ ನೋವೂ ನೋವೇ. ಮಸುಕಾಗಿ ಏನೋ ಅನಿಸಿದರೂ ಅನಿಸಿದ ಹಾಗೇ ಆಯಿತು. ಅನಿಸಿಯೂ ಇಲ್ಲ, ಅನಿಸದೆಯೂ ಇಲ್ಲ ಅನ್ನುವುದನ್ನು ನನಗಂತೂ ಊಹಿಸಲು ಆಗುವುದಿಲ್ಲ.

ಹಾಗಂತ ಗಡಿ ಎಲ್ಲಿದೆ ಅಂತ ತೋರಿಸಲೂ ಆಗುವುದಿಲ್ಲ. ದುರ್ಗದಿಂದ ರಾತ್ರಿ ಬಸ್ಸಿಗೆ ಹತ್ತಿದರೆ ನನಗೆ ನಿದ್ದೆ ಬಂದೇ ಬರುತ್ತದೆ. ಯಾವ ಕ್ಷಣದಲ್ಲಿ ಅಂತ ಒಮ್ಮೆಯೂ ಹಿಡಿದಿಲ್ಲ. ಕಂಡಕ್ಟರನ ಮಾತು ಕೇಳುತ್ತಲೇ ಇರುತ್ತದೆ, ನಡುವೆ ಅದಕ್ಕೆ ಸಂಬಂಧವಿಲ್ಲದ ಚಿತ್ರ ಬರುತ್ತದೆ, ಆಮೇಲೆ ದಾವಣಗೆರೆ. ಆದರೆ ಗೆರೆ ಕಾಣಲಿಲ್ಲ ಅಂದ ಮಾತ್ರಕ್ಕೆ ಗೆರೆ ಇಲ್ಲ ಅಂತ ಆಗುವುದಿಲ್ಲವಲ್ಲ. ನನ್ನ ಅಭಿಪ್ರಾಯ ಈಗ ಹೀಗಿದೆ. ಒಳಗೆ ಅನುಭವ ಇದೆಯೋ ಇಲ್ಲವೋ ಅನ್ನುವುದು ಹೌದು-ಇಲ್ಲದ ಪ್ರಶ್ನೆಯೇ. ಇದ್ದರೆ ಅದರೊಳಗೆ ಏನೇನು, ಎಷ್ಟೆಷ್ಟು ಅನ್ನುವುದರಲ್ಲಿ ಜಾಸ್ತಿ ಕಡಿಮೆ ಇದೆ, ಅದೂ ಒಂದೇ ದಿಕ್ಕಿನಲ್ಲಲ್ಲ. ಆಸ್ಪತ್ರೆಯ ಅಂಕ ಎರಡನೆಯದರ ಹೊರಗಿನ ಗುರುತುಗಳನ್ನಷ್ಟೇ ಅಳೆಯುತ್ತದೆ. ಮೊದಲನೆಯದನ್ನು ಅಳೆಯುವ ಸಾಧನ ಯಾರ ಹತ್ತಿರವೂ ಇಲ್ಲ.

ಹತ್ತಿರ ಹತ್ತಿರ ಬಂದದ್ದು ಓವನ್ ಅವರೇ ಇರಬೇಕು. 2006ರಲ್ಲಿ, ಅಪಘಾತವಾಗಿ ವೆಜಿಟೇಟಿವ್ ಸ್ಥಿತಿಯಲ್ಲಿದ್ದ ಇಂಗ್ಲೆಂಡಿನ 23 ವರ್ಷದ ಹೆಣ್ಣುಮಗಳನ್ನು ಸ್ಕ್ಯಾನರಿನೊಳಗೆ ಮಲಗಿಸಿ "ಟೆನ್ನಿಸ್ ಆಡುತ್ತಿರುವ ಹಾಗೆ ಊಹಿಸಿಕೋ" ಅಂದರು. ಆಮೇಲೆ "ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುವ ಹಾಗೆ ಊಹಿಸಿಕೋ" ಅಂದರು. ಆರೋಗ್ಯವಂತರಲ್ಲಿ ಆ ಎರಡಕ್ಕೂ ಮೆದುಳಿನ ಯಾವ ಜಾಗಗಳು ಚುರುಕಾಗುತ್ತವೋ ಅವೇ ಅವಳಲ್ಲೂ ಆದವು. ಮೈ ಒಂದಿಷ್ಟೂ ಅಲುಗಲಿಲ್ಲ. 2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಸಿಗೆಯ ಪಕ್ಕ ನಿಂತು ಹೇಳಿದ ಮಾತಿಗೆ ಏನೂ ಪ್ರತಿಕ್ರಿಯಿಸದ 241 ಜನರಲ್ಲಿ 60 ಜನ ಇಂಥ ಪರೀಕ್ಷೆಯಲ್ಲಿ ಮಾತು ಪಾಲಿಸಿದ್ದು ಕಂಡಿತು. ನಾಲ್ವರಲ್ಲಿ ಒಬ್ಬರು. ಇದನ್ನು ಅತ್ತಿಗೆಗೆ ಓದಿ ಹೇಳಿದಾಗ ಅವರು "ನಾ ಹೇಳಿರ್ಲಿಲ್ವಾ" ಅನ್ನಲಿಲ್ಲ. "ಅಷ್ಟು ದಿನ ಅವ್ರ ಮುಂದೆ ಏನೇನು ಮಾತಾಡಿದ್ವೋ" ಅಂದರು. ಆಸ್ಪತ್ರೆ ಬಿಲ್ಲು, ಜಮೀನು ಮಾರುವುದು, ಎಲ್ಲ ಹಾಸಿಗೆ ಪಕ್ಕದಲ್ಲೇ ಮಾತಾಡಿದ್ದೆವು.

ನಡುವೆ ನಮ್ಮ ಸೋದರಮಾವ ಬಂದರು. ರಿಟೈರ್ ಆದ ಮೇಷ್ಟ್ರು, ಉಪನಿಷತ್ತು ಓದಿಕೊಂಡವರು. ವರಾಂಡದಲ್ಲಿ ಬೆಣ್ಣೆ ದೋಸೆ ಪಾರ್ಸೆಲ್ ಬಿಚ್ಚುತ್ತಾ ಮಾಂಡೂಕ್ಯ ಹೇಳಿದರು. ಹನ್ನೆರಡೇ ಮಂತ್ರ. ಎಚ್ಚರ, ಕನಸು, ಗಾಢನಿದ್ದೆ, ಮತ್ತೆ ನಾಲ್ಕನೆಯದು. ನಾನು ಅದನ್ನೂ ಮೆಟ್ಟಿಲು ಅಂದುಕೊಂಡು ಕೇಳುತ್ತಿದ್ದೆ. ಮಾವ ತಡೆದರು. ನಾಲ್ಕನೆಯದು ಮೇಲಿನ ಮೆಟ್ಟಿಲಲ್ಲ, ಮೂರಕ್ಕೂ ಅದೇ ಆಧಾರ ಅಂದರು. ಗಾಢನಿದ್ದೆಯನ್ನು ಆ ಉಪನಿಷತ್ತು ಖಾಲಿ ಅನ್ನುವುದಿಲ್ಲ, ಪ್ರಜ್ಞಾನಘನ ಅನ್ನುತ್ತದೆ. ಡಾಕ್ಟರು ಇಲ್ಲ ಅನ್ನುವ ಕಡೆಯೇ ಅದು ಗಟ್ಟಿಯಾಗಿ ಇದೆ ಅನ್ನುತ್ತದೆ. ನನಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಚಟ್ನಿ ಚೆನ್ನಾಗಿತ್ತು.

ಈಗ ಅಣ್ಣ ಮನೆಯಲ್ಲಿದ್ದಾನೆ. ಕೋಲು ಹಿಡಿದು ನಡೆಯುತ್ತಾನೆ. ಎಡಗಡೆಯೂ ಈಗ ಅವನಿಗೆ ಇದೆ. ವ್ಯಾಪಾರದ ಲೆಕ್ಕ ನಾನು ನೋಡುತ್ತೇನೆ, ತಪ್ಪು ಅವನು ಹುಡುಕುತ್ತಾನೆ. ಆಸ್ಪತ್ರೆಯ ದಿನಗಳು ಒಂದೂ ನೆನಪಿಲ್ಲ. ಕನ್ನಡಿ ಇಲ್ಲ, ಭತ್ತ ಇಲ್ಲ, ಹರಿಹರದ ಬಸ್ಸೂ ಇಲ್ಲ. ಬೈಕು ಹತ್ತಿದ್ದು ಗೊತ್ತು, ಆಮೇಲೆ ಮನೆಯ ಪಡಸಾಲೆ. ಹಾಗಾದರೆ ನಡುವೆ ಅವನು ಇರಲಿಲ್ಲವಾ? ಕಾಳು ಕಚ್ಚಿ ಹಸಿ ಅಂದವನು ಯಾರು? ನೆನಪು ಉಳಿಯಲಿಲ್ಲ ಅಂದರೆ ಅನುಭವ ಆಗಿಲ್ಲ ಅಂತಲ್ಲ. ಇದಕ್ಕೆ ಅರಿವಳಿಕೆ ಡಾಕ್ಟರುಗಳ ಹತ್ತಿರ ಹಳೆಯ ಸಾಕ್ಷಿ ಇದೆ. 1977ರಲ್ಲಿ ಮೈಕೆಲ್ ಟನ್‌ಸ್ಟಾಲ್ ಅನ್ನುವವರು, ಸ್ನಾಯು ಸಡಿಲಿಸುವ ಔಷಧಿ ಒಂದು ಕೈಗೆ ಹೋಗದ ಹಾಗೆ ಪಟ್ಟಿ ಬಿಗಿದು, ಅರಿವಳಿಕೆಯಲ್ಲಿ ಇದ್ದವರಿಗೆ ಕೈ ಹಿಸುಕು ಅಂತ ಹೇಳುವ ಪರೀಕ್ಷೆ ಶುರುಮಾಡಿದರು. ಕೆಲವರು ಹಿಸುಕುತ್ತಾರೆ. ಎದ್ದ ಮೇಲೆ ಬಹಳಷ್ಟು ಜನರಿಗೆ ಅದರ ನೆನಪೇ ಇರುವುದಿಲ್ಲ. ಅಣ್ಣನಿಗೆ ಇದನ್ನೆಲ್ಲ ಹೇಳಿದೆ. "ನಂಗೇನ್ ಗೊತ್ತು, ನೋಡ್ದೋರು ನೀವು" ಅಂದ.

ಯಾರಾದರೂ ಈಗ ಐಸಿಯು ಹೊರಗೆ ಕೂತಿದ್ದರೆ ಇಷ್ಟು ಮಾಡಿ. ಅಂಕದ ಮೊತ್ತ ಕೇಳಬೇಡಿ, ಮೂರನ್ನೂ ಬೇರೆ ಬೇರೆ ಕೇಳಿ, ನಿದ್ದೆಯ ಔಷಧಿ ನಡೆಯುತ್ತಿದೆಯಾ ಅಂತ ಕೇಳಿ. ಕಣ್ಣು ಬಿಟ್ಟ ಮೇಲೆ ಕನ್ನಡಿ ಹಿಡಿದು ನೋಡಲು ಹೇಳಿ. ಒಂದು ಸಲದ ಪರೀಕ್ಷೆಯ ಮೇಲೆ ತೀರ್ಮಾನ ಬೇಡ ಅನ್ನಿ. ಬೇರೆ ಬೇರೆ ಹೊತ್ತಿನಲ್ಲಿ, ಕಡಿಮೆ ಅಂದರೂ ಐದು ಸಲ ನೋಡಬೇಕು ಅಂತ ಈ ಕ್ಷೇತ್ರದವರೇ ಹೇಳುತ್ತಾರೆ. ನಿಮಗೆ ಏನಾದರೂ ಕಂಡರೆ ಆಸ್ಪತ್ರೆಯವರ ಒಪ್ಪಿಗೆ ತೆಗೆದುಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡಿ, ಸಮಯ ಬರೆದಿಡಿ. ಕೈ ಹಿಡಿದದ್ದನ್ನಲ್ಲ, ಕೈ ಬಿಡು ಅಂದಾಗ ಬಿಟ್ಟದ್ದನ್ನು. ನಮ್ಮ ಡಾಕ್ಟರು ರೌಂಡ್ಸ್ ನಡುವೆ ನಿಂತು ಪೂರ್ತಿ ನೋಡಿದ್ದು ಅಂಥ ವಿಡಿಯೋವನ್ನೇ. ಫೈಲಿನಲ್ಲಿ ಹಿಂದಿನ ದಿನ ಬರೆದದ್ದನ್ನು ಹೊಡೆದು ಹೊಸದು ಬರೆದರು.